ಮರೆತಾಗ ಏನು ಮಾಡುತ್ತಾರೆ, ಅದನ್ನು ನೋಡಿ: ಹೈಸ್ಕೂಲು ಮಕ್ಕಳಿಗೆ ಯಾವ ಮಾತಿನ ಸ್ಪರ್ಧೆ?

ನಾಲೆಗೆ ನೀರು ಬಿಟ್ಟು ಗದ್ದೆಗಳಲ್ಲಿ ನಾಟಿ ಶುರುವಾಗುವ ಹೊತ್ತಿಗೆ ನಮ್ಮ ಶಾಲೆಗೆ ಪ್ರತಿಭಾ ಕಾರಂಜಿಯ ಸುತ್ತೋಲೆಯೂ ಬಂದಿರುತ್ತದೆ. ಹೆಡ್‌ಮಾಸ್ತರು ಅದನ್ನು ಎರಡು ಮಡಿಕೆ ಮಾಡಿ ನನ್ನ ಟೇಬಲ್ಲಿನ ಮೇಲಿಟ್ಟು, "ಕನ್ನಡದವ್ರು ನೀವ ಅದೀರಲ್ರಿ, ನಾಳಿಗೆ ಹೆಸರು ಬರದು ಕೊಡ್ರಿ" ಎಂದು ಹೋಗಿಬಿಡುತ್ತಾರೆ. ನಾಳೆಯೊಳಗೆ ಆಗಬೇಕಾದ ಕೆಲಸ ಹೇಗೆ ಆಗುತ್ತದೋ ಹಾಗೇ ಆಗುತ್ತದೆ. ಗಟ್ಟಿ ದನಿಯ ಹುಡುಗ ಭಾಷಣಕ್ಕೆ. ಹಾಡು ಬರುವ ಹುಡುಗಿ ಕಂಠಪಾಠಕ್ಕೆ. ಕ್ಲಾಸಿಗೆ ಮೊದಲು ಬರುವವಳು ಚರ್ಚೆಗೆ. ಕೈಗೆ ಸಿಕ್ಕ ಇನ್ನೊಬ್ಬ ಆಶುಭಾಷಣಕ್ಕೆ, ಯಾಕೆಂದರೆ ಅದಕ್ಕೆ ತಯಾರಿ ಬೇಕಿಲ್ಲವಲ್ಲ!

ಸಿಂಧನೂರು ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನೂ ಬಹಳ ವರ್ಷ ಹೀಗೇ ಹೆಸರು ಬರೆದುಕೊಟ್ಟವಳು. ಒಂದು ಸಲ ಒಂಬತ್ತನೆಯ ಕ್ಲಾಸಿನ ಹುಡುಗಿಯೊಬ್ಬಳನ್ನು ಕಂಠಪಾಠಕ್ಕೆ ಕರೆದುಕೊಂಡು ಹೋದೆ. ದನಿ ಎಂದರೆ ದನಿ, ಕಂಚಿನದು. ಎರಡು ನುಡಿ ಚೆನ್ನಾಗಿ ಹೇಳಿದಳು. ಮೂರನೆಯ ನುಡಿಯ ಮೊದಲ ಶಬ್ದ ಬರಲಿಲ್ಲ. ನನ್ನ ಕಡೆ ನೋಡಿದಳು. ನಾನು ಕೆಳಗಿನಿಂದ ಸದ್ದಿಲ್ಲದೆ ತುಟಿ ಆಡಿಸಿದೆ. ಅವಳು ನೋಡಿದ್ದನ್ನು ನೋಡಿ ನಿರ್ಣಾಯಕರೂ ನನ್ನ ಕಡೆ ತಿರುಗಿದರು. ಅಷ್ಟೇ, ಕೈ ಮುಗಿದು ಇಳಿದು ಬಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಳುತ್ತಾಳೆ ಎಂದುಕೊಂಡಿದ್ದೆ. ಹಿಂದಿನ ಸೀಟಿನಲ್ಲಿ ಗೆಳತಿಯರಿಗೆ ನಡೆದದ್ದನ್ನು ಹೇಳುತ್ತಿದ್ದಳು. "ಟೀಚರ್ ಕೆಳಗ ಕುಂತು ಮೀನಿನಂಗ ಬಾಯಿ ತಗದು ಮುಚ್ಚಾಕತ್ತಿದ್ರು. ನನಗ ಪದ್ಯ ಬಿಟ್ಟು ಬರೇ ಮೀನ ಕಾಣಾಕತ್ತಿತ್ತು." ನಿರ್ಣಾಯಕರು ಕನ್ನಡಕ ಕೆಳಗಿಳಿಸಿ ನೋಡಿದ್ದು, ಗಂಟೆ ಬಾರಿಸುವ ಹುಡುಗ ಗಂಟೆ ಮರೆತು ಕೂತದ್ದು, ಒಂದೂ ಬಿಡದೆ ಹೇಳಿದಳು. ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು ನಗುತ್ತಿದ್ದರು. ಶಬ್ದ ಮರೆಯುವ ಹುಡುಗಿ, ಕಂಡದ್ದನ್ನು ಮಾತ್ರ ಮರೆಯುವವಳಲ್ಲ. ಮರುವರ್ಷ ಅವಳನ್ನು ಆಶುಭಾಷಣಕ್ಕೆ ನಿಲ್ಲಿಸಿದೆ. ಜಿಲ್ಲಾ ಮಟ್ಟದವರೆಗೆ ಹೋದಳು.

ಅಂದಿನಿಂದ ನಾನು ದನಿ ಕೇಳಿ ಹೆಸರು ಬರೆಯುವುದನ್ನು ಬಿಟ್ಟೆ. ವೇದಿಕೆಯ ಮೇಲೆ ಒಂದಲ್ಲ ಒಂದು ಕ್ಷಣ ಎಲ್ಲರಿಗೂ ಮರೆತೇ ಮರೆಯುತ್ತದೆ. ಆ ಕ್ಷಣದಲ್ಲಿ ಮಗು ಏನು ಮಾಡುತ್ತದೆ ಎಂಬುದರ ಮೇಲೆ ವಿಭಾಗ ಆರಿಸಬೇಕು.

ಮನೆಯಲ್ಲೇ ನೋಡಬಹುದಾದ ಪರೀಕ್ಷೆ

ಪಾಠಪುಸ್ತಕದ ಹತ್ತು ಸಾಲು ಕೊಡಿ. ಒಂದು ರಾತ್ರಿ ಓದಿಕೊಳ್ಳಲಿ. ಮರುದಿನ ನಿಂತು ಹೇಳುವಾಗ, ಐದನೆಯ ಸಾಲಿನ ಹತ್ತಿರ ಬಂದಾಗ, "ಹೊರಗ ಯಾರೋ ಬಂದಾರ, ನೋಡಿ ಬಾರವಾ" ಎಂದು ಕಳಿಸಿ. ತಿರುಗಿ ಬಂದ ಮೇಲೆ "ಹ್ಞಾಂ, ಹೇಳು" ಅನ್ನಿ. ನೋಡಬೇಕಾದದ್ದು ಇಲ್ಲಿಂದ ಮುಂದೆ.

ಕೆಲವರು ಮೊದಲ ಸಾಲಿನಿಂದ ಮತ್ತೆ ಶುರು ಮಾಡುತ್ತಾರೆ. ಇವರ ನೆನಪು ಮಾಲೆ ಇದ್ದ ಹಾಗೆ, ಒಂದು ಮಣಿ ಹಿಡಿದರೆ ಮುಂದಿನದು ಬರುತ್ತದೆ. ಕಂಠಪಾಠ, ಧಾರ್ಮಿಕ ಪಠಣ, ಸಿದ್ಧಪಡಿಸಿದ ಭಾಷಣ ಇವರಿಗೆ. ಕೆಲವರು ಎಲ್ಲಿ ನಿಂತಿತ್ತೋ ಅಲ್ಲಿಂದ ತಮ್ಮದೇ ಮಾತಿನಲ್ಲಿ ಎಳೆದುಕೊಂಡು ಹೋಗುತ್ತಾರೆ, ಪುಸ್ತಕದಲ್ಲಿಲ್ಲದ್ದನ್ನೂ ಎರಡು ಸೇರಿಸುತ್ತಾರೆ. ಅವರು ಆಶುಭಾಷಣಕ್ಕೆ. "ನಡುವ ಯಾಕ ಕಳಿಸಿದ್ರಿ? ಯಾರೂ ಬಂದಿದ್ದಿಲ್ಲ ಅಲ್ಲಿ" ಎಂದು ಜಗಳಕ್ಕೇ ಬರುವವರಿರುತ್ತಾರೆ, ಅವರನ್ನು ಬೈಯಬೇಡಿ, ಚರ್ಚೆಗೆ ಹೆಸರು ಬರೆಯಿರಿ. ಹೊರಗೆ ಯಾರೂ ಇಲ್ಲದಿದ್ದರೂ ನಾಯಿ ಹೇಗೆ ಮಲಗಿತ್ತು, ಪಕ್ಕದ ಮನೆಯ ಅಜ್ಜಿ ಏನಂದಳು ಎಂದು ಅಭಿನಯಿಸಿ ತೋರಿಸುವವರು ಕಥೆಗೆ, ಮಿಮಿಕ್ರಿಗೆ.

ಇನ್ನು ಸುಮ್ಮನೆ ನಿಂತು ಪುಸ್ತಕದ ಕಡೆ ನೋಡುವವರು. ಇವರನ್ನು ನಾವು "ಇದಕ್ಕ ಮಾತ ಬರೂದಿಲ್ಲ" ಎಂದು ಬದಿಗೆ ಸರಿಸುತ್ತೇವೆ. ಅದು ತಪ್ಪು. ಕಣ್ಣ ಮುಂದೆ ಏನಾದರೊಂದು ಇದ್ದರೆ ಇವರಷ್ಟು ಅಚ್ಚುಕಟ್ಟಾಗಿ ಮಾತಾಡುವವರು ಇಲ್ಲ. ಅವರಿಗೂ ಒಂದು ಸ್ಪರ್ಧೆ ಇದೆ, ಮುಂದೆ ಹೇಳುತ್ತೇನೆ.

ಭಾಷಣ: ಮಗುವಿಗಿಂತ ಮೇಷ್ಟ್ರ ಸ್ಪರ್ಧೆ

ಸಿದ್ಧಪಡಿಸಿದ ಭಾಷಣಕ್ಕೆ ವಿಷಯ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಸುಲಭ ಎಂಬ ಭಾವನೆ. ಆದರೆ ಎಲ್ಲರಿಗೂ ಸುಲಭವಾದದ್ದರಲ್ಲಿ ಗೆಲ್ಲುವುದು ಕಷ್ಟ. ನಿರ್ಣಾಯಕಿಯಾಗಿ ಕೂತಾಗ ಇದು ಚೆನ್ನಾಗಿ ತಿಳಿಯುತ್ತದೆ. ಬೆಳಗ್ಗೆ ಹತ್ತೂವರೆಯಿಂದ ಒಂದರ ತನಕ ಒಂದೇ ಭಾಷಣವನ್ನು ಬೇರೆ ಬೇರೆ ಯೂನಿಫಾರ್ಮಿನಲ್ಲಿ ಕೇಳಿದಂತಿರುತ್ತದೆ. ಮೊಬೈಲಿನಿಂದ ಇಳಿಸಿಕೊಂಡ ಹಾಳೆ ಎಲ್ಲರದೂ ಒಂದೇ.

ಹೀಗೆ ಇಳಿಸಿಕೊಂಡದ್ದು ಕೈಕೊಡುವುದೂ ಉಂಟು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ನಿಮಿತ್ತ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಒಂದು ಸ್ಪರ್ಧೆಗೆ ಹೋಗಿದ್ದೆ. ಹುಡುಗನೊಬ್ಬ ಮುಷ್ಟಿ ಎತ್ತಿ, "1948ರ ಈ ದಿನ ನಮ್ಮ ಬಳ್ಳಾರಿ ನಿಜಾಮನ ಸಂಕೋಲೆಯಿಂದ ಬಿಡುಗಡೆಯಾಯಿತು" ಎಂದ. ಚಪ್ಪಾಳೆಯೂ ಬಿತ್ತು. ರಾಯಚೂರು ನಿಜಾಮನ ಆಳ್ವಿಕೆಯಲ್ಲಿತ್ತು, ಆಗ ರಾಯಚೂರು ಜಿಲ್ಲೆಯೊಳಗೇ ಇದ್ದ ಕೊಪ್ಪಳವೂ ಇತ್ತು. ಬಳ್ಳಾರಿ ಮಾತ್ರ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಪಾಪ, ಹುಡುಗನ ತಪ್ಪಲ್ಲ. ಆ ಹಾಳೆ ನಮ್ಮ ರಾಯಚೂರು ಕಡೆಯಿಂದ ಹೊಳೆ ದಾಟಿ ಹೋಗಿತ್ತು. ಅದೇ ದಿನ ಒಬ್ಬ ಹುಡುಗಿ ಮೆಲು ದನಿಯಲ್ಲಿ, ಬಳ್ಳಾರಿ ಮೈಸೂರಿಗೆ ಸೇರುವ ಸಂಭ್ರಮಕ್ಕೆ ಹಾಕಿದ್ದ ಪೆಂಡಾಲು ಕಾಯುತ್ತ ಪ್ರಾಣ ಕೊಟ್ಟ ಪೈಲ್ವಾನ್ ರಂಜಾನ್ ಸಾಬರಿಂದ ಮಾತು ಶುರು ಮಾಡಿದಳು. ನಾವು ಮೂವರು ನಿರ್ಣಾಯಕರೂ ಪೆನ್ನು ಕೆಳಗಿಟ್ಟು ಕೇಳಿದೆವು. ಬೇರೆ ಯಾರ ಹಾಳೆಯಲ್ಲೂ ಆ ಮನುಷ್ಯ ಇರಲಿಲ್ಲ.

ಭಾಷಣಕ್ಕೆ ನಿಲ್ಲಿಸುವುದಾದರೆ ಒಂದು ಲೆಕ್ಕ ಇಟ್ಟುಕೊಳ್ಳಿ. ನಾನು ಮೊಬೈಲಿನ ಗಡಿಯಾರ ಹಿಡಿದು ನೋಡಿದಂತೆ ನಮ್ಮ ಮಕ್ಕಳು ಅವಸರವಿಲ್ಲದೆ ಮಾತಾಡಿದರೆ ನಿಮಿಷಕ್ಕೆ 80ರಿಂದ 90 ಪದ. ನಾಲ್ಕು ನಿಮಿಷದ ಭಾಷಣಕ್ಕೆ 350 ಪದ ಸಾಕು. ನಾವು ಬರೆದುಕೊಡುವುದು 600. ಆಮೇಲೆ ಮಗು ರೈಲು ಬಿಟ್ಟ ಹಾಗೆ ಓಡಿಸುತ್ತದೆ, ಕೊನೆಯ ಗಂಟೆ ಹೊಡೆದಾಗ ಇನ್ನೂ ನಡುವಿನಲ್ಲಿರುತ್ತದೆ. ಅದರಲ್ಲೂ "ವೇದಿಕೆಯನ್ನು ಅಲಂಕರಿಸಿರುವ ಪೂಜ್ಯ ಗುರುವೃಂದದವರೇ, ನ್ಯಾಯನಿಷ್ಠ ನಿರ್ಣಾಯಕರೇ, ನನ್ನ ನೆಚ್ಚಿನ ಸಹಪಾಠಿ ಮಿತ್ರರೇ" ಎಂಬ ಮೆರವಣಿಗೆಗೇ 20 ಸೆಕೆಂಡು. "ಎಲ್ಲರಿಗೂ ನಮಸ್ಕಾರ" ಎಂದರೆ ಯಾರೂ ಅಂಕ ಕಡಿಯುವುದಿಲ್ಲ, ನಾನಂತೂ ಕಡಿದಿಲ್ಲ.

ಭಾಷಣದ ಇನ್ನೊಂದು ಗುಣ ಎಂದರೆ ಭಾಷೆಯ ಆಯ್ಕೆ. ಪ್ರತಿಭಾ ಕಾರಂಜಿಯಲ್ಲಿ ಕನ್ನಡದ ಜೊತೆ ಇಂಗ್ಲಿಷ್, ಹಿಂದಿ, ಉರ್ದು, ಸಂಸ್ಕೃತ ಭಾಷಣಗಳೂ ಇರುತ್ತವೆ. ಕನ್ನಡದಲ್ಲಿ ಇಪ್ಪತ್ತು ಜನ ನಿಂತ ಕಡೆ ಹಿಂದಿಗೆ ಆರು ಜನ ಬಂದಿರುತ್ತಾರೆ. ಹಿಂದಿ ಮೇಷ್ಟ್ರು ಮನಸ್ಸು ಮಾಡಿದರೆ ಒಳ್ಳೆಯ ಮಗುವಿಗೆ ಅಲ್ಲಿ ದಾರಿ ಅಗಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ತಾಲ್ಲೂಕು ಮಟ್ಟಕ್ಕೆ ಮಕ್ಕಳನ್ನು ಕರೆದೊಯ್ದ ಎಲ್ಲರಿಗೂ ಗೊತ್ತು.

ಆಶುಭಾಷಣ: ತಯಾರಿ ಬೇಕಿಲ್ಲ ಎನ್ನುವವರಿಗೆ

ಚೀಟಿ ಎತ್ತಬೇಕು, ಸ್ವಲ್ಪ ಹೊತ್ತು ಯೋಚಿಸಬೇಕು, ಎರಡು ಮೂರು ನಿಮಿಷ ಮಾತಾಡಬೇಕು. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಪ್ರಾಮಾಣಿಕ ಸ್ಪರ್ಧೆ. ಮೇಷ್ಟ್ರು ಬರೆದುಕೊಟ್ಟದ್ದು ಇಲ್ಲಿ ನಡೆಯುವುದಿಲ್ಲ, ಇಂಗ್ಲಿಷ್ ಮೀಡಿಯಂ ಶಾಲೆಯ ಹೊಳಪೂ ನಡೆಯುವುದಿಲ್ಲ. ಹಳ್ಳಿ ಮಗುವಿಗೆ ಗೆಲ್ಲುವ ಅವಕಾಶ ಅತಿ ಹೆಚ್ಚು ಇರುವುದು ಇಲ್ಲೇ, ನಾವು ಅತಿ ಕಡಿಮೆ ಗಮನ ಕೊಡುವುದೂ ಇದಕ್ಕೇ.

ತಯಾರಿ ಬೇಕಿಲ್ಲ ಎಂಬುದು ಶುದ್ಧ ಸುಳ್ಳು. ಭಾಷಣಕ್ಕೆ ಒಂದು ವಾರ ಸಾಕು, ಇದಕ್ಕೆ ಮೂರು ತಿಂಗಳು. ಆದರೆ ದಿನಕ್ಕೆ ಐದೇ ನಿಮಿಷ. ಪ್ರಾರ್ಥನೆ ಮುಗಿದ ಮೇಲೆ ಒಬ್ಬರಿಗೆ ಒಂದು ಶಬ್ದ ಕೊಡುತ್ತೇನೆ: ಸಂತೆ, ಚಪ್ಪಲಿ, ಗುಳೆ, ಕರೆಂಟು, ಅಜ್ಜಿ. ಒಂದೇ ಕಟ್ಟಳೆ, ನೋಡಿದ್ದೊಂದು, ಕೇಳಿದ್ದೊಂದು, ಓದಿದ್ದೊಂದು ಹೇಳಬೇಕು. ಅದೇ ಅನುಕ್ರಮದಲ್ಲಿ. ಮಕ್ಕಳು ಸಾಮಾನ್ಯವಾಗಿ ಓದಿದ್ದರಿಂದ ಶುರು ಮಾಡಿ, ಅದು ಖಾಲಿಯಾದಾಗ ನಿಂತುಬಿಡುತ್ತಾರೆ. ನೋಡಿದ್ದರಿಂದ ಹೊರಟರೆ ಮಾತಿಗೆ ಕಾಲು ಬರುತ್ತದೆ.

ಒಂದು ಉದಾಹರಣೆ. ನಮ್ಮ ಹುಡುಗನಿಗೆ "ನೀರು" ಎಂಬ ಚೀಟಿ ಬಂತು. ಅವನಿಗಿಂತ ಮೊದಲು ಇಂಥದೇ ಚೀಟಿ ಎತ್ತಿದವರು "ನೀರು ಜೀವಜಲ, ಭೂಮಿಯ ಮುಕ್ಕಾಲು ಭಾಗ ನೀರು" ಎಂದು ಹೊರಟಿದ್ದರು. ಇವನು ಹೀಗೆ ಶುರು ಮಾಡಿದ: "ಆ ರಾತ್ರಿ ನಮ್ಮಪ್ಪ ಮಲಗಲಿಲ್ಲ." 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಗಿತ್ತಲ್ಲ, ಆ ರಾತ್ರಿ. ಅಪ್ಪ ಅಂಗಳದಲ್ಲಿ ಕೂತು ಯಾರ್ಯಾರಿಗೋ ಫೋನು ಮಾಡಿದ್ದು, ಎಡದಂಡೆ ನಾಲೆಯ ಕೊನೆ ಭಾಗದ ನಮ್ಮ ಹೊಲಗಳಿಗೆ ತುಂಬಿದ ಜಲಾಶಯವಿದ್ದಾಗಲೇ ನೀರು ಬರುವುದು ಕಷ್ಟ, ಇನ್ನು ಖಾಲಿಯಾದರೆ ಏನು ಗತಿ ಎಂದದ್ದು, ನಾಟಿ ಮಾಡಿದ ಭತ್ತದ ಕಡೆ ಬ್ಯಾಟರಿ ಬಿಟ್ಟು ನೋಡಿದ್ದು. ಆಮೇಲೆ ಊರಲ್ಲಿ ಕೇಳಿದ್ದು, ನಂತರ ಪೇಪರಿನಲ್ಲಿ ಓದಿದ್ದು: ಒಂದು ವಾರದಲ್ಲಿ ತಾತ್ಕಾಲಿಕವಾಗಿ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ನಡುವೆ ಒಂದು ಕಡೆ ತಡವರಿಸಿದ, "ಆ ಕಬ್ಬಿಣದ ಹಲಗಿ" ಎಂದು ಮುಂದೆ ಹೋದ. ಹೆಸರು ಮರೆತರೂ ವಸ್ತು ಮರೆತಿರಲಿಲ್ಲ. ಆಶುಭಾಷಣದಲ್ಲಿ ಅಷ್ಟು ಸಾಕು.

ಯಾರಿಗೆ ಇದು ಬೇಡ? ತಪ್ಪು ಮಾಡಿದರೆ ರಾತ್ರಿಯಿಡೀ ಕೊರಗುವ ಮಗುವಿಗೆ. ಕ್ಲಾಸಿಗೆ ಮೊದಲು ಬರುವ ಮಕ್ಕಳಲ್ಲಿ ಇಂಥವರು ಹೆಚ್ಚು. ತಿಳಿಯದ ವಿಷಯದ ಬಗ್ಗೆ ಎರಡು ನಿಮಿಷ ಮಾತಾಡುವುದೇ ಅವರಿಗೆ ಸುಳ್ಳು ಹೇಳಿದಂತೆ ಅನ್ನಿಸುತ್ತದೆ.

ಚರ್ಚೆ: ಮೊದಲು ನಿಯಮ ಕೇಳಿ

ಚರ್ಚಾ ಸ್ಪರ್ಧೆ ಎಂದು ಸುತ್ತೋಲೆಯಲ್ಲಿ ಇದ್ದ ಮಾತ್ರಕ್ಕೆ ಅಲ್ಲಿ ಚರ್ಚೆ ನಡೆಯುತ್ತದೆ ಎಂದು ತಿಳಿಯಬೇಡಿ. ಬಹಳ ಕಡೆ ಒಬ್ಬರು ಪರವಾಗಿ ಒಂದು ಭಾಷಣ, ಇನ್ನೊಬ್ಬರು ವಿರೋಧವಾಗಿ ಒಂದು ಭಾಷಣ, ಅಲ್ಲಿಗೆ ಮುಗಿಯಿತು. ಯಾರೂ ಯಾರನ್ನೂ ಕೇಳುವುದಿಲ್ಲ. ಹೀಗಿದ್ದರೆ ಭಾಷಣದ ಮಗುವನ್ನೇ ಕಳಿಸಿ, ನಷ್ಟವಿಲ್ಲ. ಪ್ರಶ್ನೆಯ ಸುತ್ತು ಅಥವಾ ಉತ್ತರ ಕೊಡುವ ಅವಕಾಶ ಇದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಸ್ಪರ್ಧೆ ನಡೆಸುವ ಶಾಲೆಗೆ ಒಂದು ಫೋನು ಮಾಡಿ, "ಎದುರಿನವರಿಗೆ ಪ್ರಶ್ನೆ ಕೇಳಾಕ ಐತೇನ್ರಿ?" ಎಂದು ವಿಚಾರಿಸಿ.

ಪ್ರಶ್ನೆ ಇದ್ದರೆ ಬೇಕಾದದ್ದು ಕಿವಿ. ಅಭ್ಯಾಸಕ್ಕೆ ನಾನು ಮಕ್ಕಳ ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆಸುತ್ತೇನೆ. ಎಡಗಡೆ ಎದುರಿನವರು ಹೇಳಿದ್ದು, ಅವರದೇ ಮಾತಿನಲ್ಲಿ. ಬಲಗಡೆ ತನ್ನ ಉತ್ತರ. ಎಡಗಡೆ ಖಾಲಿ ಇದ್ದು ಬಲಗಡೆ ತುಂಬಿದ್ದರೆ ಆ ಮಗು ಕೇಳುತ್ತಿಲ್ಲ, ತನ್ನ ಸರದಿಗೆ ಕಾಯುತ್ತಿದೆ ಎಂದರ್ಥ.

ವಿಷಯವನ್ನು ನೀವೇ ಆರಿಸುವ ಅವಕಾಶ ಇದ್ದರೆ "ಮೊಬೈಲ್ ಪೂರಕವೋ ಮಾರಕವೋ" ಎಂಬುದನ್ನು ದಯಮಾಡಿ ಬಿಟ್ಟುಬಿಡಿ. ಕೇಳಿ ಕೇಳಿ ನಮ್ಮ ಕಿವಿ ಕಲ್ಲಾಗಿವೆ. ರಾಯಚೂರು, ಕೊಪ್ಪಳ, ಬಳ್ಳಾರಿ, ಈ ನಮ್ಮ ಮೂರು ಜಿಲ್ಲೆಗಳ ಮಕ್ಕಳಿಗೆ ಮನೆಬಾಗಿಲಲ್ಲೇ ಚರ್ಚೆ ಬಿದ್ದಿದೆ. ತುಂಗಭದ್ರಾ ಜಲಾಶಯದಲ್ಲಿ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಹೂಳು ತೆಗೆಯಬೇಕೋ, ನವಲಿಯ ಹತ್ತಿರ ಸಮಾನಾಂತರ ಜಲಾಶಯ ಕಟ್ಟಬೇಕೋ? ತೆಗೆದ ಹೂಳನ್ನು ಎಲ್ಲಿ ಹಾಕುವುದು? ಹೊಸ ಜಲಾಶಯಕ್ಕೆ ಮುಳುಗುವ ಹೊಲ ಯಾರದು? ಎರಡೂ ಕಡೆ ನಿಜವಾದ ವಾದ ಇದೆ, ಎರಡೂ ಕಡೆ ಸಂಬಂಧಿಕರಿದ್ದಾರೆ. ಗಣಿಗಾರಿಕೆಯ ಬಗ್ಗೆ ಸಂಡೂರಿನ ಮಕ್ಕಳು ಮಾತಾಡುವುದನ್ನು ಕೇಳಿದ್ದೇನೆ: ಒಬ್ಬನ ಅಪ್ಪ ಲಾರಿ ಓಡಿಸುತ್ತಾನೆ, ಇನ್ನೊಬ್ಬನ ಮನೆಯ ಹಂಚಿನ ಮೇಲೆ ಕೆಂಪು ಧೂಳು ಕೂತಿದೆ. ಇಬ್ಬರಿಗೂ ಬರೆದುಕೊಡುವ ಅಗತ್ಯವಿರಲಿಲ್ಲ.

ಮಗು ಯಾವ ಕಡೆ ನಿಂತರೂ ಎರಡೂ ಕಡೆಯ ತಯಾರಿ ಮಾಡಿಸಿ. ಕೊನೆಯ ಗಳಿಗೆಯಲ್ಲಿ ಪರ ಇದ್ದವರನ್ನು ವಿರೋಧಕ್ಕೆ ಹಾಕಿದ್ದನ್ನು ನೋಡಿದ್ದೇನೆ. ಆಗ ಅತ್ತವಳು ನಮ್ಮ ಶಾಲೆಯವಳೇ. ಒಂದೇ ಕಡೆಯದನ್ನು ಬಾಯಿಪಾಠ ಮಾಡಿಸಿದವಳು ನಾನೇ.

ಕಂಠಪಾಠ, ಪದ್ಯ ವಾಚನ, ಪಠಣ

ಇವುಗಳ ಹೆಸರು, ಯಾವ ತರಗತಿಗೆ ಯಾವುದು ಎಂಬುದು ಸುತ್ತೋಲೆಯಲ್ಲಿ ಬದಲಾಗುತ್ತಿರುತ್ತದೆ. ಮಠಗಳು, ಸಂಘಗಳು ನಡೆಸುವ ವಚನ ಕಂಠಪಾಠ, ದಾಸರ ಪದಗಳ ಸ್ಪರ್ಧೆಗಳು ಬೇರೆ. ದಾಸರ ನೆಲ ಎಂದರೆ ನಮ್ಮದೇ ಅಲ್ಲವೇ, ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು ಇಲ್ಲಿಯವರೇ. ಎಲ್ಲದರಲ್ಲೂ ಕೇಳುವುದು ಎರಡು: ಶಬ್ದ ತಪ್ಪಬಾರದು, ಉಚ್ಚಾರ ತಪ್ಪಬಾರದು. "ಭಾರತ"ವನ್ನು "ಬಾರತ" ಎಂದರೆ ಭಾಷಣದಲ್ಲಿ ಕ್ಷಮೆ ಇದೆ, ಇಲ್ಲಿಲ್ಲ.

ಮಾಲೆಯಂಥ ನೆನಪಿನ ಮಗುವಿಗೂ ಒಂದು ಊರುಗೋಲು ಬೇಕು. ಷಟ್ಪದಿ ಹೇಳುವುದಾದರೆ ಅರ್ಥಕ್ಕಿಂತ ಮೊದಲು ಲಯ ಕಲಿಸಿ. ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು ಎಂದು ಸಾಲು ನಡೆಯುತ್ತದೆ. ಮೂರನೆಯ ಮತ್ತು ಆರನೆಯ ಸಾಲು ಮಾತ್ರ ಇನ್ನೊಂದು ಮೂರು-ನಾಲ್ಕು ಸೇರಿ, ಕೊನೆಗೊಂದು ಗುರು ಬಂದು ಉದ್ದವಾಗುತ್ತದೆ. ತೊಡೆಯ ಮೇಲೆ ಬೆರಳಿನಿಂದ ತಟ್ಟುತ್ತ ಹೇಳಿಸಿದರೆ, ಶಬ್ದ ಜಾರಿದಾಗಲೂ ಅಲ್ಲಿ ಎಷ್ಟು ಜಾಗ ಖಾಲಿ ಇದೆ ಎಂಬುದು ಕೈಗೆ ಗೊತ್ತಿರುತ್ತದೆ. ಶಬ್ದ ತಾನಾಗಿ ಬಂದು ಕೂರುತ್ತದೆ. ಮೀನಿನಂತೆ ಬಾಯಿ ಆಡಿಸುವ ಟೀಚರಿನ ಕಡೆ ನೋಡಬೇಕಾಗುವುದಿಲ್ಲ.

ನಮ್ಮ ಮಾತಿಗೆ ಎಲ್ಲಿ ಜಾಗ?

ಉಚ್ಚಾರದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಸಿಂಧನೂರು, ಕಾರಟಗಿ, ಗಂಗಾವತಿ ಸುತ್ತ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪುಗಳು ಬಹಳ. ಮನೆಯಲ್ಲಿ ತೆಲುಗು. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಮಾತಾಡುವವರೂ ಇದ್ದಾರೆ. ಈ ಮಕ್ಕಳು ಕನ್ನಡ ಕಲಿತದ್ದು ಶಾಲೆಯಲ್ಲಿ, ಪುಸ್ತಕದಿಂದ. ಹಾಗಾಗಿ ಭಾಷಣಕ್ಕೂ ಕಂಠಪಾಠಕ್ಕೂ ನಿಂತರೆ ಅವರ ಕನ್ನಡ ಗಾಜಿನ ಹಾಗೆ ಸ್ವಚ್ಛ. ಮನೆಯಲ್ಲೇ ಕನ್ನಡ ಮಾತಾಡುವ ನಮ್ಮ ಹುಡುಗರು "ಹೋಗಾಕತ್ತಿದ್ದೆ" ಎಂದು ಸಿಕ್ಕಿಬೀಳುತ್ತಾರೆ! ಕ್ಯಾಂಪಿನ ಮಗುವನ್ನು "ಅವರದು ತೆಲುಗು" ಎಂದು ಕನ್ನಡ ಭಾಷಣದಿಂದ ದೂರ ಇಡುವವರು ಇದನ್ನು ಒಮ್ಮೆ ಕಿವಿಯಾರೆ ಕೇಳಬೇಕು.

ಹಾಗಾದರೆ "ಹೋಗಾಕತ್ತಿದ್ದೆ"ಯ ಹುಡುಗ ಎಲ್ಲಿಗೆ? ಕಥೆಗೆ, ಏಕಪಾತ್ರಾಭಿನಯಕ್ಕೆ, ಮಿಮಿಕ್ರಿಗೆ. ರಂಗನಟ ಬಳ್ಳಾರಿ ರಾಘವರ ಊರಿನ ಸೀಮೆ ಇದು, ಬಯಲಾಟದ ಸೀಮೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಒಂದು ಪರದೆಯ ಹಿಂದೆ ಕೂತು ರಾಜ, ರಾಕ್ಷಸ, ಹೆಂಗಸು, ಮಗು ಎಲ್ಲರ ದನಿ ತೆಗೆಯುವ ಆ ಕಲೆಯಲ್ಲಿ ನಮ್ಮ ಮಾತಿನ ಬಿಗಿ ಪೂರ್ತಿ ಕೇಳುತ್ತದೆ. ಕಥೆ ಹೇಳುವ ಸ್ಪರ್ಧೆಗೆ ಹೋಗುವ ಮಗುವಿಗೆ ಇಂಥದ್ದೊಂದು ಆಟ ತೋರಿಸಿದರೆ ಹತ್ತು ದಿನದ ತರಬೇತಿ ಮಿಕ್ಕುತ್ತದೆ. ಹೈಸ್ಕೂಲು ವಿಭಾಗದಲ್ಲಿ ಕಥೆ ಹೇಳುವುದು ಎಲ್ಲ ಸ್ಪರ್ಧೆಗಳಲ್ಲೂ ಇರುವುದಿಲ್ಲ. ಮಿಮಿಕ್ರಿಗೆ ಅವಕಾಶ ಹೆಚ್ಚು. ಮಿಮಿಕ್ರಿ ಎಂದರೆ ಸಿನಿಮಾ ನಟರ ದನಿ ಎಂದೇನಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಕಡಲೆ ಮಾರುವವನ ದನಿಗೆ ಸಭೆ ಹೆಚ್ಚು ನಗುತ್ತದೆ.

ಭಾಷಣದಲ್ಲೂ ನಮ್ಮ ಮಾತನ್ನು ಪೂರ್ತಿ ಕಳೆದುಕೊಳ್ಳಬೇಕಿಲ್ಲ. ಭಾಷಣ ಪುಸ್ತಕದ ಕನ್ನಡದಲ್ಲಿರಲಿ, ಅದರೊಳಗೆ ಅಜ್ಜಿ ಮಾತಾಡಿದರೆ ಅಜ್ಜಿಯ ಕನ್ನಡದಲ್ಲೇ ಮಾತಾಡಲಿ. ಒಬ್ಬಿಬ್ಬರು ನಿರ್ಣಾಯಕರು ಹುಬ್ಬು ಗಂಟಿಕ್ಕುತ್ತಾರೆ, ಇಕ್ಕಲಿ.

ಪುಸ್ತಕದ ಕಡೆ ನೋಡುವ ಮಗುವಿಗೆ

ಇದೇ ನಾನು ಮುಂದೆ ಹೇಳುತ್ತೇನೆಂದ ಸ್ಪರ್ಧೆ: ವಿಜ್ಞಾನ ವಿಚಾರಗೋಷ್ಠಿ. 8ರಿಂದ 10ನೆಯ ತರಗತಿಯವರಿಗೆ. ರಾಷ್ಟ್ರ ಮಟ್ಟದಲ್ಲಿ ಇದನ್ನು ನಡೆಸುವುದು ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತು. ವರ್ಷಕ್ಕೊಂದೇ ವಿಷಯ. ಆರು ನಿಮಿಷ ಮಾತು, ಜೊತೆಗೆ ಐದು ಪೋಸ್ಟರ್ ಅಥವಾ ಸ್ಲೈಡು, ಆಮೇಲೆ ನಿರ್ಣಾಯಕರ ಪ್ರಶ್ನೆ, ಮೇಲಿಂದ ಒಂದು ಪುಟ್ಟ ಲಿಖಿತ ಪರೀಕ್ಷೆ. ಮರೆತಾಗ ಪುಸ್ತಕ ನೋಡುವ ಮಗುವಿಗೆ ಇಲ್ಲಿ ಪೋಸ್ಟರೇ ಪುಸ್ತಕ, ಅದನ್ನು ನೋಡುವುದು ತಪ್ಪಲ್ಲ, ತೋರಿಸಿ ಹೇಳುವುದೇ ಕ್ರಮ. ನಾಚಿಕೆಯ ಮಕ್ಕಳಿಗೆ ಕೈಗೆ ಕೆಲಸ ಸಿಕ್ಕರೆ ಬಾಯಿ ತಾನೇ ಬಿಡುತ್ತದೆ.

2023ರ ವಿಷಯ ಸಿರಿಧಾನ್ಯ: ಅದು ನಿಜಕ್ಕೂ ಉತ್ತಮ ಆಹಾರವೋ, ಬರೀ ಫ್ಯಾಷನ್ನೋ ಎಂದು. ಸಜ್ಜೆ ರೊಟ್ಟಿ, ನವಣೆ ಅನ್ನ ತಿಂದು ಬೆಳೆದ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ವಿಷಯ ಯಾವುದಿದೆ? ಆದರೂ ನಾನು ಕಂಡ ಬಹಳಷ್ಟು ಪೋಸ್ಟರುಗಳಲ್ಲಿ ಇದ್ದದ್ದು ಅಂತರ್ಜಾಲದ ಚಿತ್ರಗಳು. ಒಬ್ಬಳು ಮಾತ್ರ ಸಣ್ಣ ಬಟ್ಟಲುಗಳಲ್ಲಿ ನಾಲ್ಕು ಕಾಳು ತಂದಿದ್ದಳು. ನಿಯಮದಲ್ಲಿ ಇಲ್ಲ ಎಂದು ಅವನ್ನು ಟೇಬಲ್ಲಿನ ಕೆಳಗೆ ಇಡಿಸಿದರು. ಪ್ರಶ್ನೆಯ ಸುತ್ತಿನಲ್ಲಿ ಅವಳ ಉತ್ತರವೇ ಎಲ್ಲರಿಗಿಂತ ನೇರವಾಗಿತ್ತು.

ತೊಂದರೆ ಏನೆಂದರೆ ಇದಕ್ಕೆ ವಿಜ್ಞಾನದ ಮೇಷ್ಟ್ರು ಜೊತೆಗೆ ನಿಲ್ಲಬೇಕು, ತಿಂಗಳಾದರೂ ಬೇಕು. ಕನ್ನಡದ ಟೀಚರ್ ಒಬ್ಬಳೇ ಮಾಡಿಸಿದರೆ ಭಾಷೆ ಚೆನ್ನಾಗಿರುತ್ತದೆ, ವಿಜ್ಞಾನ ಸೊರಗುತ್ತದೆ. ಅನುಭವದ ಮಾತು.

ಯುವ ಸಂಸತ್ತಿನ ಬಗ್ಗೆ ಎರಡು ಮಾತು ಸಾಕು. ಅದು ಗುಂಪಿನ ಆಟ. ಸಭಾಧ್ಯಕ್ಷರು, ಮಂತ್ರಿಗಳು, ವಿರೋಧ ಪಕ್ಷ, ಪ್ರಶ್ನೋತ್ತರ. ಒಬ್ಬರೇ ವೇದಿಕೆ ಹತ್ತಲು ಹೆದರುವವರಿಗೆ ಒಳ್ಳೆಯ ಮೊದಲ ಮೆಟ್ಟಿಲು. ಜಗಳಗಂಟ ಮಗುವನ್ನು ಸಭಾಧ್ಯಕ್ಷ ಮಾಡಿ ನೋಡಿ, ಎರಡೇ ದಿನದಲ್ಲಿ ನ್ಯಾಯವಂತನಾಗುತ್ತಾನೆ.

ಹೆಸರು ಬರೆಯುವ ಮೊದಲು

ಎಷ್ಟು ದಿನ ಕೈಯಲ್ಲಿವೆ ಎಂಬುದೂ ಆಯ್ಕೆಯನ್ನು ತೀರ್ಮಾನಿಸುತ್ತದೆ. ಮೂರು ದಿನ ಮಾತ್ರ ಇದ್ದರೆ ಹೊಸದಾಗಿ ಕಂಠಪಾಠ ಹಚ್ಚಬೇಡಿ, ಮಗುವಿಗೆ ಈಗಾಗಲೇ ಬರುವುದನ್ನೇ ತೀಡಿ. ಅಥವಾ ದಿನದ ಐದು ನಿಮಿಷ ಮೊದಲಿಂದ ರೂಢಿಯಿರುವ ಧೈರ್ಯವಂತ ಮಗುವನ್ನು ಆಶುಭಾಷಣಕ್ಕೆ ಕಳಿಸಿ. ಒಂದು ವಾರ ಇದ್ದರೆ ಭಾಷಣ. ಎಸ್ಸೆಸ್ಸೆಲ್ಸಿ ಮಗುವಾದರೆ ಮನೆಯವರು "ಓದು ಕೆಡ್ತೈತ್ರಿ" ಎನ್ನುತ್ತಾರೆ. ಅವರಿಗೂ ಆಶುಭಾಷಣವೇ ಸರಿ, ಓದುವ ಸಮಯ ತಿನ್ನುವುದಿಲ್ಲ.

ಒಂದೇ ಮಗುವಿಗೆ ಎರಡು ಮೂರು ಸ್ಪರ್ಧೆ ಹಚ್ಚುವ ಆಸೆ ಬೇಡ. ಎಷ್ಟಕ್ಕೆ ಅವಕಾಶ ಎಂಬುದನ್ನು ಆ ವರ್ಷದ ಸುತ್ತೋಲೆಯಲ್ಲಿ ನೋಡಿ. ಅವಕಾಶ ಇದ್ದರೂ ಸ್ಪರ್ಧೆಗಳು ಬೇರೆ ಬೇರೆ ಕೋಣೆಗಳಲ್ಲಿ ಒಂದೇ ಹೊತ್ತಿಗೆ ನಡೆಯುತ್ತಿರುತ್ತವೆ. ಒಂದು ಶಾಲೆಯಲ್ಲಿ ನಮ್ಮ ಹುಡುಗ ಆಶುಭಾಷಣದ ಚೀಟಿ ಎತ್ತಿಕೊಂಡು, ಚರ್ಚೆಯಲ್ಲಿ ತನ್ನ ಹೆಸರು ಕೂಗಿದರೆಂದು ಮಹಡಿಗೆ ಓಡಿದ. ಅಲ್ಲಿಂದ ಇಳಿದು ಬರುವಷ್ಟರಲ್ಲಿ ಇಲ್ಲಿ ಗೈರುಹಾಜರಿ ಹಾಕಿದ್ದರು. ಚೀ‌ಟಿ ಇನ್ನೂ ಅವನ ಕೈಯಲ್ಲೇ ಇತ್ತು, ಬೆವರಿಗೆ ನೆನೆದು ಹೋಗಿತ್ತು. ಅದರಲ್ಲಿದ್ದ ವಿಷಯ "ಸಮಯ ಪಾಲನೆ".

ಕೊನೆಗೆ ಹೊಟ್ಟೆಯ ವಿಚಾರ, ಇದು ಎಲ್ಲ ವಿಭಾಗಕ್ಕೂ ಒಂದೇ. ಬೆಳಗಿನ ಬಸ್ಸಿಗೆ ಹೊರಟು ಊರು ಮುಟ್ಟಿದ ಮೇಲೆ ಮಕ್ಕಳು ಮೊದಲು ಹುಡುಕುವುದು ಮಂಡಾಳ (ಮಂಡಕ್ಕಿ) ಒಗ್ಗರಣೆ, ಮಿರ್ಚಿ. ಒಗ್ಗರಣೆ ತಿನ್ನಲಿ. ಮಿರ್ಚಿ ತಿಂದು ವೇದಿಕೆ ಹತ್ತಿದವರು ಮೈಕಿನ ಮುಂದೆ ಬಿಕ್ಕಳಿಸಿದ್ದನ್ನು ಒಮ್ಮೆ ಅಲ್ಲ, ಮೂರು ಸಲ ನೋಡಿದ್ದೇನೆ. ಅದಕ್ಕೇ ಈಗ ಮಿರ್ಚಿಯನ್ನು ಕಟ್ಟಿಸಿ ನನ್ನ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಮಾತು ಮುಗಿಸಿ ಬಂದವರಿಗೆ ಎರಡೆರಡು, ಮರೆತು ಇಳಿದು ಬಂದವರಿಗೆ ಮೂರು.